ಒಂಟೆ ನಡೆಯ ಕುದುರೆ

ನನ್ನ 12 ಪುಟ್ಟ ಪ್ಲಾಸ್ಟಿಕ್ ಕುದುರೆಗಳಲ್ಲಿ ಒಂಬತ್ತನೆಯದು ತಪ್ಪಾಗಿದೆ ಅಂತ ಕಂಡುಹಿಡಿದವರು ಒಬ್ಬ ಪೊಲೀಸರು. ಇಲ್ಲಿ ಮೈಸೂರಿನ ಅಶ್ವಾರೋಹಿ ದಳದವರು. ದಸರಾ ತಾಲೀಮು ನಡೆಯುವ ದಿನಗಳಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ನಾನು ಕುದುರೆಗಳ ಫೋಟೋ ತೆಗೆಯುತ್ತಾ ನಿಂತಿರುತ್ತೇನೆ. ಮುಖ ಅಲ್ಲ, ಸವಾರ ಅಲ್ಲ, ಬರೀ ಕಾಲು. ನಾಲ್ಕನೇ ದಿನ ಅವರು ಹತ್ತಿರ ಬಂದು ಕೇಳಿಯೇಬಿಟ್ಟರು.

“ಏನ್ ಮೇಡಮ್, ದಿನಾ ಕಾಲಿಂದೇ ಫೋಟೋ?”

ಫೋನಿನಲ್ಲಿದ್ದ ನನ್ನ ಪುಟ್ಟ ಸೈನ್ಯವನ್ನು ತೋರಿಸಿದೆ. ಎರಡು ಬೆರಳಿನಲ್ಲಿ ದೊಡ್ಡದು ಮಾಡಿ ಒಂದೊಂದನ್ನೇ ನೋಡಿದರು. “ಚೆನ್ನಾಗಿವೆ ಮೇಡಮ್. ಆದ್ರೆ ಇದೊಂದು ಒಂಟೆ ಥರ ನಡೀತಿದೆಯಲ್ಲ?”

ನೋಡಿದರೆ ಹೌದು. ಎಡಗಡೆಯ ಎರಡು ಕಾಲೂ ಒಟ್ಟಿಗೆ ಮುಂದೆ, ಬಲಗಡೆಯ ಎರಡೂ ಒಟ್ಟಿಗೆ ಹಿಂದೆ. ಕುಕ್ಕುಲೋಟದಲ್ಲಿ, ಅಂದರೆ ಟ್ರಾಟ್‌ನಲ್ಲಿ, ಕುದುರೆ ಕಾಲು ಹಾಗೆ ಇಡುವುದಿಲ್ಲ. ಎಡ ಮುಂಗಾಲಿನ ಜೊತೆ ಬಲ ಹಿಂಗಾಲು ಹೋಗಬೇಕು, ಅಡ್ಡಡ್ಡ. ಒಂದೇ ಪಕ್ಕದ ಕಾಲುಗಳನ್ನು ಜೋಡಿಯಾಗಿ ಹಾಕುವುದು ಒಂಟೆ. ಅವರು ಹೇಳುವವರೆಗೆ ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಆಮೇಲೆ ಅದೊಂದೇ ಕಾಣಿಸುವುದು.

ತಪ್ಪು ಕಂಪನಿಯದ್ದಲ್ಲ, ನನ್ನದೇ. ಮೇಜಿನ ಮೇಲೆ ಯುದ್ಧದಾಟ ಆಡಲು ಬಳಸುವ, 28 ಮಿಲಿಮೀಟರ್ ಅಳತೆಯ (ನಿಂತ ಮನುಷ್ಯ ಸುಮಾರು ಅಷ್ಟು ಎತ್ತರ) ಈ ಪ್ಲಾಸ್ಟಿಕ್ ಕುದುರೆಗಳು ಎಷ್ಟೋ ಪೆಟ್ಟಿಗೆಗಳಲ್ಲಿ ಎರಡು ಹೋಳಾಗಿ ಬರುತ್ತವೆ, ಎಡ ಮೈ, ಬಲ ಮೈ, ಕಡಲೆಬೀಜ ಬಿಡಿಸಿದ ಹಾಗೆ. ಎರಡನ್ನೂ ಅಂಟಿಸಿದರೆ ಕುದುರೆ. ಒಂದೇ ಪೆಟ್ಟಿಗೆಯಲ್ಲಿ ನಾಲ್ಕೈದು ಭಂಗಿ ಮಾತ್ರ ಇರುವುದರಿಂದ, ಒಂದರ ಎಡಕ್ಕೆ ಇನ್ನೊಂದರ ಬಲ ಸೇರಿಸಿ ಹೊಸ ಭಂಗಿ ಹುಟ್ಟಿಸುವುದು ಈ ಹವ್ಯಾಸದವರ ಹಳೇ ಉಪಾಯ. ನಾನೂ ಸೇರಿಸಿದೆ. ಕತ್ತು ಸರಿ ಹೊಂದಿತು, ಜೀನು ಸರಿ ಕೂತಿತು. ಕಾಲನ್ನು ನೋಡಲಿಲ್ಲ.

ನನ್ನ ಕೆಲಸ ಹಲ್ಲಿನ ಲ್ಯಾಬಿನಲ್ಲಿ. ಡಾಕ್ಟರುಗಳು ಕಳಿಸುವ ಅಚ್ಚಿಗೆ ಕ್ರೌನ್, ಹಲ್ಲಿನ ಸೆಟ್ಟು ಮಾಡಿಕೊಡುವುದು. ಹಾಗಾಗಿ ಮೇಣ ಕೆತ್ತುವ ಸಣ್ಣ ಚಾಕು, ಮೊನಚು ಕಡ್ಡಿ ಎಲ್ಲ ಕೈಗೆ ಪಳಗಿವೆ. ಅಹಂಕಾರ ಬಂದಿದ್ದೂ ಅಲ್ಲಿಂದಲೇ ಇರಬೇಕು.

ಈಗ ಮಾಡುತ್ತಿರುವುದು ನೆಪೋಲಿಯನ್ನನ ಫ್ರೆಂಚ್ ಸೈನ್ಯದ 20ನೇ ಡ್ರಾಗೂನ್ ರೆಜಿಮೆಂಟು, ಸ್ಪೇನ್, 1811. ಡ್ರಾಗೂನ್ ಅಂದರೆ ಕುದುರೆ ಮೇಲೂ ಕಾಲ್ನಡಿಗೆಯಲ್ಲೂ ಕಾದಾಡಬಲ್ಲ ಸವಾರ. ಉದ್ದನೆ ಕತ್ತಿಯ ಜೊತೆ ಬಂದೂಕೂ ಇರುತ್ತದೆ. ಹಿತ್ತಾಳೆ ಶಿರಸ್ತ್ರಾಣ, ಅದರ ಹಿಂದೆ ಇಳಿಬಿದ್ದ ಕಪ್ಪು ಕುದುರೆಕೂದಲು, ಹಸಿರು ಕೋಟು. 1ರಿಂದ 30ರವರೆಗೆ ರೆಜಿಮೆಂಟುಗಳು, ಆರಾರಕ್ಕೆ ಒಂದೊಂದು ಬಣ್ಣ. 19ರಿಂದ 24ರವರೆಗೆ ಹಳದಿ. ಆ ಹಳದಿ ಕಾಲರಿಗೋ, ತೋಳಿನ ಅಂಚಿಗೋ, ಜೇಬು ಅಡ್ಡವೋ ಉದ್ದವೋ ಅನ್ನುವುದು ಮತ್ತೆ ರೆಜಿಮೆಂಟಿಗೆ ಒಂದೊಂದು ಥರ. ತಲೆನೋವು.

ನನ್ನನ್ನು ಕಾಪಾಡಿದ್ದು ಸ್ಪೇನಿನ ಬಡತನ. ಅಲ್ಲಿಗೆ ಹೋದ ಡ್ರಾಗೂನರ ಹಸಿರು ಕೋಟು ಹರಿದು ಚಿಂದಿಯಾದಾಗ, ಫ್ರಾನ್ಸಿನಿಂದ ಹೊಸ ಬಟ್ಟೆ ಬರುವುದನ್ನು ಕಾಯದೆ ಅಲ್ಲೇ ಸಿಕ್ಕ ಕಂದು ಬಟ್ಟೆಯಲ್ಲಿ ಹೊಲಿಸಿಕೊಂಡರು. ಮಠಗಳ ಸನ್ಯಾಸಿಗಳು ತೊಡುತ್ತಿದ್ದ ಒರಟು ಬಟ್ಟೆ. ಹಾಗಾಗಿ ನನ್ನ ಅರ್ಧ ಜನಕ್ಕೆ ಹಸಿರು ಇಲ್ಲವೇ ಇಲ್ಲ. ಎಲ್ಲರದ್ದೂ ಒಂದೇ ಕಂದು ಮಾಡಿದರೆ ಯೂನಿಫಾರಂ ಆಗಿಬಿಡುತ್ತದೆ, ಅದು ಬೇಡ. ಒಬ್ಬನಿಗೆ ಕಾಫಿ ಡಿಕಾಕ್ಷನ್ ಬಣ್ಣ, ಒಬ್ಬನಿಗೆ ಹುಣಸೆಹಣ್ಣು, ಒಬ್ಬನಿಗೆ ಜೋನಿಬೆಲ್ಲ.

ಬದಲಾವಣೆ ಅಂದರೆ ಹೆಚ್ಚೇನಿಲ್ಲ. ಕೋಟಿನ ಎದೆಯ ಮೇಲಿನ ಪಟ್ಟಿ ಕೆರೆದು ತೆಗೆದೆ. ಅದರ ಮೇಲೆ ಸುತ್ತಿದ ಮೇಲಂಗಿಯನ್ನು ಹೆಗಲಿನಿಂದ ಸೊಂಟಕ್ಕೆ ಅಡ್ಡ ಹಾಕಿದೆ. ಸವಾರರು ನಿಜಕ್ಕೂ ಹಾಗೆ ಹಾಕಿಕೊಳ್ಳುತ್ತಿದ್ದರು, ಕತ್ತಿ ಏಟು ಮೈಗೆ ತಾಗದಿರಲಿ ಅಂತ. ವಿದೇಶದವರು ಇದಕ್ಕೆ ಹಸಿರು ಪುಟ್ಟಿ ಬಳಸುತ್ತಾರೆ. ನನಗೆ ಎಂ-ಸೀಲ್ ಸಾಕು. ನಲ್ಲಿ ಸೋರಿದರೆ ಹಚ್ಚುವ ಅದೇ ಎಂ-ಸೀಲ್. ಸ್ವಲ್ಪ ಮರಳು ಮರಳು, ಬೇಗ ಗಟ್ಟಿಯಾಗುತ್ತದೆ, ಮುಖ ಕೆತ್ತಲು ಆಗಲ್ಲ. ಆದರೆ ಅಂಗೈಯಲ್ಲಿ ನೀರು ಹಚ್ಚಿಕೊಂಡು ಕೋಡುಬಳೆಗೆ ಹೊಸೆದ ಹಾಗೆ ಹೊಸೆದರೆ ಮೇಲಂಗಿ ರೆಡಿ. ಜೀನಿನ ಹಿಂದೆ ಕಟ್ಟಿದ ಹುಲ್ಲಿನ ಕಂತೆ ತೆಂಗಿನ ನಾರಿನದ್ದು. ಹರಿದ ಲಗಾಮು ಹಳೇ ಇಯರ್‌ಫೋನಿನ ಒಳಗಿನ ತಾಮ್ರದ ಎಳೆ.

ಸವಾರರ ವಿಷಯ ಇಷ್ಟೇ ಸಾಕು. ಎಲ್ಲರೂ ಸವಾರನಿಗೆ ವಾರಗಟ್ಟಲೆ ಕೂತು, ಕುದುರೆಗೆ ಒಂದು ಸಂಜೆಯಲ್ಲಿ ಕಂದು ಬಳಿದು ಮುಗಿಸುತ್ತಾರೆ. ಮೇಜಿನ ಮೇಲೆ ಮೂರಡಿ ದೂರದಿಂದ ನೋಡಿ, ಕಾಣುವುದು ಮುಕ್ಕಾಲು ಪಾಲು ಕುದುರೆಯೇ. ಸೈನ್ಯಕ್ಕೂ ಅಷ್ಟೇ. 1805ರಲ್ಲಿ ಕುದುರೆ ಸಾಲದೆ ನೆಪೋಲಿಯನ್ ಸಾವಿರಾರು ಡ್ರಾಗೂನರನ್ನು ಕಾಲ್ನಡಿಗೆಯಲ್ಲೇ ಯುದ್ಧಕ್ಕೆ ಕಳಿಸಿದ್ದ, ಶತ್ರುವಿನ ಕುದುರೆ ಕಸಿದುಕೊಂಡು ಹತ್ತಿಕೊಳ್ಳಿ ಅನ್ನುವ ಲೆಕ್ಕದಲ್ಲಿ. 1812ರಲ್ಲಿ ರಷ್ಯಾದಲ್ಲಿ ಸತ್ತ ಕುದುರೆಗಳ ಜಾಗ ತುಂಬಲು ಅವನಿಗೆ ಕೊನೆವರೆಗೂ ಆಗಲಿಲ್ಲ.

ನಾನು ಮಾಡುವ ರೀತಿ ಹೀಗೆ. ಮೊದಲು ಇಡೀ ಕುದುರೆಗೆ ಅಕ್ರಿಲಿಕ್ಕಿನಲ್ಲಿ ಕಿತ್ತಳೆ ಬೆರೆತ ಮಣ್ಣುಹಳದಿ. ನೋಡೋಕೆ ಅಸಹ್ಯ, ಹೆದರಬೇಡಿ. ಒಣಗಿದ ಮೇಲೆ ಆಯಿಲ್ ಬಣ್ಣದ ಬರ್ಂಟ್ ಅಂಬರ್ ಮೈತುಂಬಾ ಬಳಿಯುವುದು. ಸ್ವಲ್ಪ ಹೊತ್ತು ಬಿಟ್ಟು ಮೇಕಪ್ ಸ್ಪಂಜಿನ ತುಂಡಿನಲ್ಲಿ ಮೆತ್ತಗೆ ಒರೆಸಿದರೆ ಉಬ್ಬಿದ ಕಡೆಯೆಲ್ಲ ಬಣ್ಣ ಹೋಗಿ ಕೆಳಗಿನ ಹಳದಿ ಹೊಳೆಯುತ್ತದೆ, ತಗ್ಗಿನಲ್ಲಿ ಕಂದು ಉಳಿಯುತ್ತದೆ. ಭುಜದ ಸ್ನಾಯು, ಪಕ್ಕೆಲುಬು ತಾವಾಗಿಯೇ ಎದ್ದು ಬರುತ್ತವೆ. ಬ್ರಷ್ಷಿನಲ್ಲಿ ಎಷ್ಟು ತಿಣುಕಿದರೂ ನನ್ನ ಕೈಯಲ್ಲಿ ಅದು ಬರಲ್ಲ. ಆಮೇಲೆ ಜೂಲು, ಬಾಲ, ಮೊಣಕಾಲಿನ ಕೆಳಗೆ ಕಪ್ಪು. ಅಂದಹಾಗೆ ಟ್ಯೂಬಿನ ಮೇಲಿನ ಹೆಸರು ಕ್ಯಾಮೆಲ್. ಪೊಲೀಸರಿಗೆ ಇದನ್ನು ಹೇಳಲಿಲ್ಲ.

ಎರಡು ಕುದುರೆಗೆ ಬಿಳಿ ಕಾಲ್ಚೀಲ ಹಾಕಿದ್ದೆ. ಕನ್ನಡಕ ಏರಿಸಿಕೊಂಡು ನೋಡಿದ ಅತ್ತೆ, “ಬಿಳಿ ಕಾಲಿಗೆ ಇಷ್ಟು ಕಪ್ಪು ಗೊರಸು ಎಲ್ಲಿ ನೋಡಿದ್ಯಮ್ಮಾ?” ಅಂದರು. ಅವರಪ್ಪ ನಂಜನಗೂಡಿನಲ್ಲಿ ಜಟಕಾ ಗಾಡಿ ಹೊಡೆಯುತ್ತಿದ್ದವರು. ಗೊರಸನ್ನು ಮಾಸಲು ಕೊಂಬಿನ ಬಣ್ಣಕ್ಕೆ ತಿರುಗಿಸಿದೆ. ಒಂಬತ್ತನೆಯದಕ್ಕೆ ನಾಲ್ಕೂ ಕಾಲು ಬಿಳಿ, ಮುಖದ ಮೇಲೂ ಬಿಳಿ ಪಟ್ಟೆ. “ಇದು ಪಂಚಕಲ್ಯಾಣಿ. ಇದನ್ನ ಮಾತ್ರ ಯಾರಿಗೂ ಕೊಡಬೇಡ.”

ಆಷಾಢದಲ್ಲಿ ಇನ್ನೊಂದು ಎಡವಟ್ಟಾಗಿತ್ತು. ಜಿಟಿಜಿಟಿ ಮಳೆಯ ಸಂಜೆ, ತಾಳ್ಮೆ ಇಲ್ಲದೆ ಬಾಲ್ಕನಿಯಲ್ಲಿ ಮ್ಯಾಟ್ ವಾರ್ನಿಷ್ ಸ್ಪ್ರೇ ಹೊಡೆದೆ. ಹತ್ತು ನಿಮಿಷಕ್ಕೆ 12 ಕುದುರೆಗಳ ಮೇಲೂ ಬೂದಿ ಎರಚಿದ ಹಾಗೆ ಬಿಳಿ ಪೊರೆ. ಗಾಳಿಯ ತೇವ ಸೇರಿಕೊಂಡರೆ ಹೀಗಾಗುತ್ತದೆ ಅಂತ ಗೊತ್ತಿತ್ತು, ಗೊತ್ತಿದ್ದೇ ಮಾಡಿದೆ. ಆ ರಾತ್ರಿ ಊಟ ಸೇರಲಿಲ್ಲ. ಮಾರನೇ ದಿನ ಬ್ರಷ್ಷಿನಲ್ಲಿ ಹೊಳಪಿನ ವಾರ್ನಿಷ್ ತೆಳ್ಳಗೆ ಹಚ್ಚಿದರೆ ಪೊರೆ ಕರಗಿ ಬಣ್ಣ ವಾಪಸ್ ಬಂತು. ಮಳೆ ನಿಂತ ಮೇಲೆ ಮತ್ತೆ ಮ್ಯಾಟ್.

ಹಾಗೆ ಉಳಿಸಿಕೊಂಡ ಕುದುರೆಯನ್ನು ಈಗ ಕಾಲಿಗೋಸ್ಕರ ಕತ್ತರಿಸಬೇಕು. ಬಿಟ್ಟುಬಿಡೋಣ ಅಂತ ಎರಡು ದಿನ ಅಂದುಕೊಂಡೆ. ಆಮೇಲೆ ಮೆಸೋನಿಯೆ ನೆನಪಾದ. 19ನೇ ಶತಮಾನದ ಫ್ರೆಂಚ್ ಚಿತ್ರಕಾರ, ನೆಪೋಲಿಯನ್ನನ ಸವಾರರನ್ನು ಬರೆದು ಹೆಸರಾದವನು. ಓಡುವ ಕುದುರೆಯ ಕಾಲನ್ನು ನೋಡಲು ತನ್ನ ತೋಟದಲ್ಲಿ ಹಳಿ ಹಾಕಿಸಿ, ಗಾಡಿಯಲ್ಲಿ ಕೂತು ಕುದುರೆಯ ಪಕ್ಕಪಕ್ಕಕ್ಕೇ ಓಡಿಸಿಕೊಂಡು ಹೋಗುತ್ತಿದ್ದನಂತೆ. ಅವನು ಹಳಿ ಹಾಕಿಸಿದ. ನಾನು ಒಂದು ಕಾಲು ಕೊಯ್ಯಲು ಅಳುತ್ತಿದ್ದೇನೆ.

ಲ್ಯಾಬಿನ ತಿರುಗುವ ಡಿಸ್ಕ್ ಬಳಸಿದರೆ ಬಿಸಿಗೆ ಪ್ಲಾಸ್ಟಿಕ್ ಕರಗುತ್ತದೆ. ಅದಕ್ಕೆ ಕೈಗರಗಸವೇ ಸರಿ. ಎರಡೂ ಹಿಂಗಾಲನ್ನು ಬುಡದಲ್ಲಿ ಕೊಯ್ದು, ಮಿಕ್ಕಿದ್ದ ಬೇರೆ ಹೋಳುಗಳಿಂದ ಕಾಲುಗಳನ್ನು ತಂದು, ಸೂಜಿಯಷ್ಟು ತೆಳ್ಳಗಿನ ತಂತಿ ತೂರಿಸಿ ಫೆವಿಕ್ವಿಕ್ ಹಾಕಿದೆ. ಎಡಗಾಲಿನ ಸಂದಿಗೆ ಎಂ-ಸೀಲ್. ಬಲಗಾಲಿನ ಸಂದಿ ಮಾತ್ರ ಏನು ಮಾಡಿದರೂ ಕಾಣುತ್ತಿತ್ತು. ಅದರ ಮೇಲೆ ಹುಲ್ಲಿನ ಕಂತೆ ಇಳಿಬಿಟ್ಟೆ. ಕಾಲಿನ ಕೆಳಭಾಗಕ್ಕೆ ಹಲ್ಲಿನ ಅಚ್ಚು ಹಾಕುವ ಪ್ಲಾಸ್ಟರ್ ಪುಡಿ ಕಲಸಿದ ಕೆಸರು. ಇದು ಬರೀ ತಪ್ಪು ಮುಚ್ಚುವ ಆಟ ಅಲ್ಲ. ಈ ರೆಜಿಮೆಂಟು ಇದ್ದ ಅಲ್ಬುಯೆರಾ ಯುದ್ಧದ ದಿನ, 1811ರ ಮೇ 16, ಎಂಥ ಮಳೆ ಸುರಿಯಿತೆಂದರೆ ಇಂಗ್ಲಿಷ್ ಕಾಲಾಳುಗಳ ಬಂದೂಕು ಸಿಡಿಯಲಿಲ್ಲ. ಅದೇ ಹೊತ್ತಿಗೆ ಪೋಲಿಷ್ ಭರ್ಜಿ ಸವಾರರು, ಹುಸಾರರು ಅನ್ನುವ ಫ್ರೆಂಚ್ ಹಗುರ ಸವಾರರು ಮೇಲೆ ಬಿದ್ದು ಒಂದು ಬ್ರಿಗೇಡಿನ ಬಹುಪಾಲನ್ನೇ ಮುಗಿಸಿಬಿಟ್ಟರು.

ಹೊಸ ಫೋಟೋ ತೋರಿಸಿದಾಗ ಪೊಲೀಸರು ತುಂಬಾ ಹೊತ್ತು ನೋಡಿದರು. “ಈಗ ಟ್ರಾಟ್ ಬಂತು ಮೇಡಮ್. ಸವಾರ ಮಾತ್ರ ರಿಕಾಪಿನಲ್ಲಿ ಕಾಲು ಜಾಸ್ತಿ ಒಳಗೆ ತೂರಿಸಿದಾನೆ, ಬಿದ್ರೆ ಎಳ್ಕೊಂಡು ಹೋಗತ್ತೆ.” ಅದು ಕಂಪನಿಯವರು ಮಾಡಿದ್ದು, ನಾನು ಕೈ ಹಾಕಲ್ಲ.

ಈಗ ಹನ್ನೆರಡೂ ಅತ್ತೆಯ ಗೊಂಬೆ ಮೆಟ್ಟಿಲಿನ ಮೇಲಿವೆ. ಪಟ್ಟದ ಗೊಂಬೆಗಳ ಕೆಳಗೆ, ಚೆಟ್ಟಿಯಾರ ಅಂಗಡಿಯ ಪಕ್ಕದಲ್ಲಿ. ಪಂಚಕಲ್ಯಾಣಿ ಎಲ್ಲಕ್ಕಿಂತ ಮುಂದೆ. ಬೆಂಗಳೂರಿನಲ್ಲಿರುವ ತಮ್ಮ ತನ್ನ ಇಂಗ್ಲಿಷ್ ಸೈನ್ಯ ಸಜ್ಜಾಗಿದೆ, ಈ ಭಾನುವಾರವೇ ಆಡೋಣ ಅಂತ ಮೆಸೇಜ್ ಮಾಡಿದ್ದ. ಅತ್ತೆಯನ್ನು ಕೇಳಿದೆ. ವಿಜಯದಶಮಿ ಆಗಿ ಗೊಂಬೆ ಮಲಗಿಸುವವರೆಗೆ ಒಂದು ಕುದುರೆಯೂ ಅಲುಗಾಡುವ ಹಾಗಿಲ್ಲವಂತೆ.