ಅರ್ಧ ಹೇಳಿಕೆ ಒಳಗೆ, ಅರ್ಧ ಹೊರಗೆ

ಚಾರ್ಜ್‌ಶೀಟ್ ಕೈಗೆ ಬಂದ ಕೂಡಲೇ ನಾನು ಮೊದಲು ಹುಡುಕುವುದು ಆರೋಪಿಯ ‘ಸ್ವಇಚ್ಛಾ ಹೇಳಿಕೆ’. ಠಾಣೆಯಲ್ಲಿ ಕೂರಿಸಿಕೊಂಡು ಬರೆದದ್ದು. ಹೆಚ್ಚುಕಮ್ಮಿ ಎಲ್ಲವೂ ಒಂದೇ ಧಾಟಿ. ಹೆಸರು, ವಯಸ್ಸು, ದ್ವೇಷಕ್ಕೆ ಕಾರಣ, ಹೇಗೆ ಹೊಂಚು ಹಾಕಿದ, ಹೇಗೆ ಹೊಡೆದ. ಕೊನೆಯಲ್ಲಿ, ‘ಮಚ್ಚನ್ನು ಪೊದೆಯಲ್ಲಿ ಬಚ್ಚಿಟ್ಟಿದ್ದೇನೆ, ನನ್ನ ಜೊತೆ ಬಂದರೆ ತೋರಿಸಿಕೊಡುತ್ತೇನೆ.’

ಇಷ್ಟರಲ್ಲಿ ಕೋರ್ಟು ಸಾಕ್ಷ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬಹುದಾದ್ದು ಆ ಕೊನೆಯ ಸಾಲು ಮಾತ್ರ. ಅದೂ ಮಚ್ಚು ನಿಜಕ್ಕೂ ಅಲ್ಲೇ ಸಿಕ್ಕಿದ್ದರೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವ ಹಾಗಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದು 25, 26, 27ನೇ ಕಲಮುಗಳಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಮೂರನ್ನೂ 23ನೇ ಕಲಮಿಗೆ ಸೇರಿಸಿದ್ದಾರೆ. ನಂಬರ್ ಬದಲಾಗಿದೆ, ತಿರುಳು ಅದೇ.

ಎಲ್ಲಿಗೆ ಕತ್ತರಿ ಹಾಕಬೇಕು ಅನ್ನುವುದಕ್ಕೆ ಇವತ್ತಿಗೂ ನಾವು ಹಿಡಿಯುವುದು ಪುಲುಕೂರಿ ಕೊಟ್ಟಾಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದಲ್ಲಿ ನಮ್ಮ ಅಪೀಲುಗಳ ಕೊನೆಯ ಕೋರ್ಟಾಗಿದ್ದ ಲಂಡನ್ನಿನ ನ್ಯಾಯಪೀಠ, ಕೊಟ್ಟ ತೀರ್ಪನ್ನು. ವರದಿಯಾದದ್ದು 1947ರಲ್ಲಿ. ಅಲ್ಲಿ ಒಬ್ಬ ಆರೋಪಿ ಹೇಳಿದ್ದ: ಕೆರೆಯ ಮೂಲೆಯಲ್ಲಿ ಹೊಂಚು ಹಾಕಿದೆವು, ಹೊಡೆದು ಸಾಯಿಸಿದೆವು, ಭರ್ಜಿಯನ್ನೂ ನನ್ನ ಕೋಲನ್ನೂ ಬಣವೆಯಲ್ಲಿ ಬಚ್ಚಿಟ್ಟೆ, ಬಂದರೆ ತೋರಿಸುತ್ತೇನೆ. ಬಣವೆಯ ಮಾತು ಒಳಗೆ, ಕೊಂದ ಮಾತು ಹೊರಗೆ ಎಂದರು ನ್ಯಾಯಾಧೀಶರು. ಅವರು ಕೊಟ್ಟ ಕಾರಣ ನನಗೆ ತುಂಬಾ ಇಷ್ಟ. ಮನೆಯ ಸೂರಿನಲ್ಲಿ ಚಾಕು ಇದೆ ಎಂದು ಒಬ್ಬ ಹೇಳಿ, ಚಾಕು ಸಿಕ್ಕಿದರೆ, ಗೊತ್ತಾಗುವುದು ಏನು? ಚಾಕು ಅಲ್ಲಿದೆ ಅನ್ನುವುದು ಅವನಿಗೆ ತಿಳಿದಿತ್ತು, ಅಷ್ಟೇ. ‘ಇದರಿಂದಲೇ ಇಂಥವನನ್ನು ತಿವಿದೆ’ ಎಂದು ಸೇರಿಸಿದರೆ, ಆ ಮಾತಿಗೂ ಚಾಕು ಸಿಕ್ಕಿದ್ದಕ್ಕೂ ಸಂಬಂಧವಿಲ್ಲ.

ಸಂಬಂಧ ಇರುವುದಕ್ಕೆ ಮಾತ್ರ ಜಾಗ, ಮಿಕ್ಕದ್ದಕ್ಕಿಲ್ಲ. ಇಡೀ ಕಾಯ್ದೆ ನಿಂತಿರುವುದೇ ಇದರ ಮೇಲೆ. ಕಳ್ಳತನದ ಕೇಸಿನಲ್ಲಿ ‘ಇವನ ನಡತೆಯೇ ಸರಿಯಿಲ್ಲ ಸ್ವಾಮಿ’ ಎಂದು ಶುರು ಮಾಡುವ ಹಾಗಿಲ್ಲ. ತನ್ನ ನಡತೆ ಒಳ್ಳೆಯದೆಂದು ಅವನೇ ಸಾಕ್ಷ್ಯ ತಂದರೆ ಮಾತ್ರ ಆ ಬಾಗಿಲು ತೆರೆಯುತ್ತದೆ. ಅತ್ಯಾಚಾರದ ಕೇಸಿನಲ್ಲಿ ಒಪ್ಪಿಗೆ ಇತ್ತೇ ಎಂಬ ಪ್ರಶ್ನೆ ಬಂದಾಗ ಸಂತ್ರಸ್ತೆಯ ಹಿಂದಿನ ಲೈಂಗಿಕ ಸಂಬಂಧಗಳನ್ನು ಕೆದಕುವಂತಿಲ್ಲ. 2013ರಲ್ಲಿ ಇದಕ್ಕೆಂದೇ ಒಂದು ಕಲಮು ಸೇರಿಸಬೇಕಾಯಿತು. ಅದು ಎಷ್ಟೋ ಮೊದಲೇ ಬರಬೇಕಿತ್ತು.

ನನ್ನನ್ನು ಕಾಡುವ ತೊಂದರೆ ಬೇರೆ. ಅಮೆರಿಕದ ಫೆಡರಲ್ ಸಾಕ್ಷ್ಯ ನಿಯಮಗಳಲ್ಲಿ 403 ಅಂತ ಒಂದಿದೆ. ಸಾಕ್ಷ್ಯ ಸಂಬಂಧಪಟ್ಟದ್ದೇ ಆಗಿದ್ದರೂ, ಅದರಿಂದ ಆಗುವ ಉಪಯೋಗಕ್ಕಿಂತ ಅನ್ಯಾಯವಾಗಿ ಮನಸ್ಸು ಕೆಡಿಸುವ ಅಪಾಯವೇ ತೀರಾ ಜಾಸ್ತಿಯಾದರೆ ಜಡ್ಜ್ ಅದನ್ನು ಹೊರಗಿಡಬಹುದು. ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರ ಗುಂಪು, ಅದರ ಮುಂದೆ ನಡೆಯುವ ವಿಚಾರಣೆಯಲ್ಲಿ, ಹೊರಗಿಟ್ಟದ್ದು ತೀರ್ಪು ಕೊಡುವವರ ಕಿವಿಗೆ ಬೀಳದಂತೆ ನೋಡಿಕೊಳ್ಳಬಹುದು. ನಮ್ಮಲ್ಲಿ ಜ್ಯೂರಿ ಇಲ್ಲ. ಬೇಡ ಎನ್ನುವವರೂ ತೀರ್ಪು ಬರೆಯುವವರೂ ಒಬ್ಬರೇ. ಅವರು ಓದಿಯೇ ಬೇಡ ಎನ್ನಬೇಕು. ಓದಿದ್ದನ್ನು ಮನಸ್ಸಿನಿಂದ ತೆಗೆಯುವುದು ಸುಲಭವಾ? ತರಬೇತಿ ಇದ್ದವರಿಗೂ ಕಷ್ಟವೇ. ಅದರಲ್ಲೂ ಇಡೀ ಹೇಳಿಕೆಗೆ ಸುಮ್ನೆ ನಿ.ಪಿ. (ನಿಶಾನೆ ಪಿ, ಪ್ರಾಸಿಕ್ಯೂಷನ್ ದಾಖಲೆಗೆ ಕೋರ್ಟು ಕೊಡುವ ಗುರುತು) ನಂಬರ್ ಹಾಕಿ ಗುರುತಿಸಿಬಿಟ್ಟರೆ, ತೀರ್ಪಿನ ದಿನದವರೆಗೂ ಆ ಪುಟಗಳು ಫೈಲಿನಲ್ಲೇ ಇರುತ್ತವೆ.

ಹಾಗಂತ ನಮ್ಮ ಕಾನೂನು ಎಲ್ಲದಕ್ಕೂ ಇಷ್ಟೇ ಬಿಗಿಯಾಗಿಲ್ಲ. ಅಕ್ರಮವಾಗಿ ಶೋಧನೆ ಮಾಡಿ ತಂದ ವಸ್ತುವೂ ಸಂಬಂಧಪಟ್ಟದ್ದಾದರೆ ನಡೆಯುತ್ತದೆ ಎಂದು ಪೂರನ್ ಮಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1973ರಷ್ಟು ಹಿಂದೆಯೇ ಹೇಳಿದೆ. ಮಾತನ್ನು ಹೊಡೆದು ಹೇಳಿಸಬಹುದು, ವಸ್ತುವನ್ನು ಹಾಗೆ ಹುಟ್ಟಿಸಲಾಗದು ಎಂದು ಇದನ್ನು ಸಮರ್ಥಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ವಸ್ತುವನ್ನು ತಂದಿಡಬಹುದು ತಾನೇ? ಮಾತಿನ ವಿಚಾರದಲ್ಲಿ ಮಾತ್ರ ಕೋರ್ಟು ಗಟ್ಟಿಯಾಗಿ ನಿಂತಿದೆ. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪಿನ ಪ್ರಕಾರ ಒಪ್ಪಿಗೆಯಿಲ್ಲದೆ ಯಾರಿಗೂ ಮಂಪರು ಪರೀಕ್ಷೆ ಮಾಡುವಂತಿಲ್ಲ.

ಹೊಸದಾಗಿ ಕೋರ್ಟಿಗೆ ಬರುತ್ತಿರುವ ವಕೀಲರಿಗೆ ನಾನು ಹೇಳುವುದು ಇಷ್ಟು. ತನಿಖಾಧಿಕಾರಿ ಕಟಕಟೆಯಲ್ಲಿ ನಿಂತು ‘ಈ ಹೇಳಿಕೆಯನ್ನು ಗುರುತಿಸುತ್ತೇನೆ’ ಎಂದಾಗಲೇ ಎದ್ದು ನಿಲ್ಲಿ. ವಸ್ತು ಸಿಕ್ಕಿದ ಸಾಲನ್ನು ಮಾತ್ರ ಗುರುತಿಸಿ, ಉಳಿದದ್ದು ಬೇಡ ಎನ್ನಿ. ನಿಮ್ಮ ಆಕ್ಷೇಪಣೆ ಸಾಕ್ಷಿಯ ಹೇಳಿಕೆಯಲ್ಲಿ ಟೈಪ್ ಆಗಿದೆಯಾ ಎಂದು ಓದಿ ನೋಡಿ. ಇಂಥ ಆಕ್ಷೇಪಣೆಯನ್ನು ಕೊನೆಯ ವಾದದಲ್ಲೂ ಎತ್ತಬಹುದು, ಅಪೀಲಿನಲ್ಲೂ ಎತ್ತಬಹುದು, ನಿಜ. ಆದರೆ ಬೇಡದ ಸಾಕ್ಷ್ಯ ಒಳಗೆ ಬಂತು ಎಂಬ ಒಂದೇ ಕಾರಣಕ್ಕೆ ತೀರ್ಪು ಬಿದ್ದುಹೋಗುವುದಿಲ್ಲ. ಅದನ್ನು ಬಿಟ್ಟು ಉಳಿದ ಸಾಕ್ಷ್ಯವೇ ಸಾಕು ಎಂದು ಮೇಲಿನ ಕೋರ್ಟಿಗೆ ಅನ್ನಿಸಿದರೆ ಶಿಕ್ಷೆ ಹಾಗೇ ಉಳಿಯುತ್ತದೆ.