ಅಡಿಕೆ ಸುಲಿಯುವ ರಾತ್ರಿಗೆ ಒಂದು ಡಾಕ್ ಸ್ಪೀಕರ್: ಇಲ್ಲಿಯವರೆಗಿನ ಪರೀಕ್ಷೆ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಪುಟ್ಟದೊಂದು ಐಪಾಡ್ ಡಾಕ್ ಸ್ಪೀಕರ್ ಬಂದಿದೆ, ಅಂದರೆ ಐಪಾಡನ್ನು ಮೇಲೆ ಕೂರಿಸಿ ಹಾಡು ಕೇಳುವ ಸ್ಪೀಕರ್. ಶಿವಮೊಗ್ಗದ ಚಿಕ್ಕಪ್ಪನ ಮಗ ಮನೆ ಬದಲಿಸುವಾಗ ಕೊಟ್ಟದ್ದು. ಹಾಡು ತುಂಬಿಟ್ಟುಕೊಳ್ಳುವ ನನ್ನ ಹಳೇ ಪ್ಲೇಯರ್, ಐಪಾಡ್ ಕ್ಲಾಸಿಕ್, ಇನ್ನೂ ಗಟ್ಟಿಯಾಗಿದೆ. ಆಪಲ್ ಕಂಪನಿ 2014ರಲ್ಲೇ ಕ್ಲಾಸಿಕ್ ನಿಲ್ಲಿಸಿತು, 2022ರಲ್ಲಿ ಐಪಾಡನ್ನೇ ಕೈಬಿಟ್ಟಿತು. ಆದರೆ ನೆಟ್‌ವರ್ಕ್ ಸಿಗದ ಊರಲ್ಲಿ ಯಕ್ಷಗಾನ, ಭಾವಗೀತೆ ಎಲ್ಲಾ ಕೈಯಲ್ಲೇ ಇರುವುದು ದೊಡ್ಡ ಅನುಕೂಲ. ಕೊಯ್ಲು ಶುರುವಾಗಿ ರಾತ್ರಿ ಅಡಿಕೆ ಸುಲಿಯಲು ಕೂತಾಗ ಎಲ್ಲರಿಗೂ ಕೇಳಬೇಕು. ನನಗೆ ಬೇಕಾದದ್ದು ಅಷ್ಟೇ.

ಮೊದಲ ಕೆಲಸ ಐಪಾಡ್ ಕೂರುವ ಕನೆಕ್ಟರ್. ಮಳೆಗಾಲದ ಥಂಡಿಗೆ ಪಿನ್‌ಗಳು ಮಂಕಾಗಿದ್ದವು, ಎಡಗಡೆಯ ದನಿ ಬಂದು ಬಂದು ಹೋಗುತ್ತಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಹಳೇ ಟೂತ್‌ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿದೆ. ಈಗ ಸರಿಯಾಗಿದೆ.

ಈ 30 ಪಿನ್‌ನ ಕನೆಕ್ಟರ್ ಬಂದದ್ದು 2003ರಲ್ಲಿ. 2012ರಲ್ಲಿ ಆಪಲ್‌ನದೇ ಲೈಟ್ನಿಂಗ್ ಅನ್ನುವ ಚಿಕ್ಕ ಕನೆಕ್ಟರ್ ಬಂದ ಮೇಲೆ ಮೂಲೆ ಸೇರಿತು. ಬರೀ ಚಾರ್ಜ್ ಮಾಡುವ ತೂತು ಅಂತ ತುಂಬಾ ಜನ ತಿಳಿದಿದ್ದಾರೆ. ಅದರ 3 ಮತ್ತು 4ನೇ ಪಿನ್‌ನಲ್ಲಿ ಲೈನ್ ಔಟ್ ಇದೆ. ಅಂದರೆ ಹೆಡ್‌ಫೋನಿನ ವಾಲ್ಯೂಮ್ ಕಂಟ್ರೋಲ್ ದಾಟಿಕೊಂಡು ಹಾಡು ನೇರ ಹೊರಗೆ ಬರುತ್ತದೆ. ಪರೀಕ್ಷೆಗೆ ಅಂತ ಐಪಾಡನ್ನು ಡಾಕ್‌ನಲ್ಲಿ ಕೂರಿಸಿ ಅದರ ಚಕ್ರ ತಿರುಗಿಸಿದೆ. ದನಿ ಒಂಚೂರೂ ಏರಲಿಲ್ಲ, ಇಳಿಯಲಿಲ್ಲ. ಇಂಥ ಡಾಕ್ ಎಸೆಯಬಾರದು ಅನ್ನಲು ನನಗೆ ಇದೊಂದೇ ಸಾಕು.

ಅಕ್ಕನ ನಾಲ್ಕನೇ ತಲೆಮಾರಿನ ನ್ಯಾನೋ (ಪುಟ್ಟ ಐಪಾಡ್) ಇಟ್ಟರೆ ಹಾಡುತ್ತದೆ, ಚಾರ್ಜ್ ಮಾತ್ರ ಆಗುವುದಿಲ್ಲ. ಹಳೇ ಡಾಕ್‌ಗಳು ಫೈರ್‌ವೈರ್ ಅನ್ನುವ ಹಳೇ ಬಗೆಯ ಸಂಪರ್ಕದ ಪಿನ್‌ನಲ್ಲಿ ಚಾರ್ಜ್‌ಗೆ 12 ವೋಲ್ಟ್ ಕೊಡುತ್ತವೆ. 2008ರ ಈ ನ್ಯಾನೋದಿಂದ ಆ ಪಿನ್‌ನಲ್ಲಿ ಚಾರ್ಜ್ ಆಗುವುದನ್ನೇ ತೆಗೆದುಬಿಟ್ಟರು. ಹಾಗಾಗಿ ರಿಪೇರಿಗೆ ಕೊಟ್ಟು ಸುಮ್ನೆ ದುಡ್ಡು ಕಳೆಯಬೇಡಿ.

ಇನ್ನು ದನಿ. ಶಿವಮೊಗ್ಗ ಸುಬ್ಬಣ್ಣ ಅವರ ಭಾವಗೀತೆ ಹಾಕಿದೆ. ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ, ಅಷ್ಟು ಚೊಕ್ಕ. ಯಕ್ಷಗಾನದಲ್ಲಿ ಚಂಡೆಯ ಪೆಟ್ಟು ಚುರುಕಾಗಿ ಬರುತ್ತದೆ, ತಾಳವೂ ಸ್ಪಷ್ಟ. ಜಗಲಿಯಲ್ಲಿ ಕೂತಿದ್ದ ದೊಡ್ಡಪ್ಪ ಮಾತ್ರ, "ಭಾಗವತರ ಮಾತು ಚೆನ್ನಾಗಿ ಕೇಳ್ತದೆ, ಮದ್ದಲೆ ಎಲ್ಲಿ ಹೋಯ್ತು ಮಾರಾಯ?" ಅಂದರು. ಸರಿಯಾದ ಪ್ರಶ್ನೆ. ಎರಡು ಇಂಚಿನ ಕೋನ್ (ಅದುರಿ ದನಿ ಹೊರಡಿಸುವ ಬಟ್ಟಲು) ಹೆಚ್ಚು ಗಾಳಿ ತಳ್ಳಲಾರದು, ಮದ್ದಲೆಯ ಕೆಳಗಿನ ನಾದ ಅಲ್ಲೇ ಉಳಿದುಬಿಡುತ್ತದೆ. ಎರಡೂ ಕೋನ್‌ಗಳ ನಡುವೆ ಗೇಣಗಲ ಜಾಗವೂ ಇಲ್ಲ, ಎಡ ಬಲ ಅಂತ ಗೊತ್ತಾಗುವುದಿಲ್ಲ.

ಗೋಡೆ ಮೂಲೆಗೆ ಸರಿಸಿದ ಮೇಲೆ ಮದ್ದಲೆ ಸ್ವಲ್ಪ ತುಂಬಿಕೊಂಡಿತು. ಹಿಂದೆ ಗಾಳಿ ಹೋಗುವ ತೂತಿರುವುದರಿಂದ ಗೋಡೆಗೆ ಅಂಟಿಸಿ ಇಡಬಾರದು. ಹಲಗೆ ಗುಂಯ್‌ಗುಡುತ್ತಿತ್ತು, ಕೆಳಗೆ ಹಳೇ ಸೈಕಲ್ ಟ್ಯೂಬಿನ ತುಂಡು ಹಾಕಿದೆ, ನಿಂತಿತು. ವಾಲ್ಯೂಮ್ ಮುಕ್ಕಾಲು ದಾಟಿದರೆ ಭಾಗವತರ ಏರುದನಿ ಸೀಳುತ್ತದೆ, ಅಲ್ಲಿಗೇ ಬಿಡುವುದು ಒಳ್ಳೆಯದು.

ಮೊಬೈಲನ್ನು ಮಾತ್ರ ದೂರ ಇಡಿ. 2ಜಿಯಲ್ಲಿ ಫೋನು ಸೆಕೆಂಡಿಗೆ ಸುಮಾರು 217 ಸಲ ಮಿಡಿದು ಸಿಗ್ನಲ್ ಕಳಿಸುತ್ತದೆ, ಸ್ಪೀಕರ್ ಒಳಗೆ ಅದು ಟಿರ್ರ್ ಅನ್ನುತ್ತದೆ. ಟವರ್ ದೂರ ಇದ್ದಷ್ಟೂ ಫೋನು ಜೋರಾಗಿ ಕಳಿಸುವುದರಿಂದ ನಮ್ಮ ಕಡೆ ಈ ಕಾಟ ಜಾಸ್ತಿ.

ಜಗಲಿಗೆ ಈ ಡಾಕ್ ಪಾಸ್. ಹೆಂಚಿನ ಮೇಲೆ ಜೋರು ಮಳೆ ಬಿದ್ದರೆ ಏನೂ ಕೇಳದು, ಅದು ಬೇರೆ ಮಾತು. ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿ ಹಾಕಿ ಕೂತಾಗ ಆ ಟಕ್ ಟಕ್ ನಡುವೆ ಸಾಲದು. ಅದಕ್ಕೆ 30 ಪಿನ್‌ನ ಲೈನ್ ಔಟ್ ಕೇಬಲ್ ತರಿಸಿ, ಅಟ್ಟದಲ್ಲಿರುವ ಆಂಪ್ಲಿಫೈಯರ್‌ಗೆ ಕೊಡುತ್ತೇನೆ. ಮುಂದಿನ ಬರಹ ಅದರದ್ದೇ. ಜೊತೆಗೆ ಎಂಟು ಇಂಚಿನ ಸ್ಪೀಕರ್‌ನಲ್ಲಿ ಮದ್ದಲೆ ಹೇಗೆ ಬಂತು ಅನ್ನುವುದೂ.