ಎಡಗಡೆಯ ಹಿಂದಿನ ಬಾಗಿಲು

ವಿಜಯಪುರದಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಬರೋದು ಜಾಸ್ತಿ ಹಳೇ ಕಾರುಗಳೇ. ಹೋದ ಬೇಸಿಗೆಯಲ್ಲಿ ಇಂಡಿ ಕಡೆಯ ಲಿಂಬೆ ತೋಟದವರೊಬ್ಬರು ಬ್ರೇಕ್ ತೋರಿಸೋಕೆ ಬಂದರು. 17 ವರ್ಷದ ಕಾರು, ಕೆಎ 28 ನಂಬರ್. ರಸ್ತೆಯ ಎಡಕ್ಕೆ ನಿಲ್ಲಿಸಿದರು. ಹಿಂದೆ ಕೂತಿದ್ದ ಅವರ ತಾಯಿ ಬಲಗಡೆಯಿಂದ, ಅಂದರೆ ಗಾಡಿಗಳು ಓಡಾಡೋ ಕಡೆಯಿಂದ, ಕೋಲು ಊರಿ ಇಳಿದರು. ಒಂದು ಬಸ್ಸು ಹಾರ್ನ್ ಹೊಡೆದು ಪಕ್ಕದಲ್ಲೇ ಹೋಯಿತು. ನನ್ನ ಎದೆ ಧಸಕ್ ಅಂತು.

"ಯಾಕ್ರಿ, ಅಮ್ಮನ್ನ ಈ ಕಡಿಂದ ಇಳಿಸೀರಿ?" ಅಂದೆ.

"ಆ ಬಾಗಲಾ ತೆರಿಯಂಗಿಲ್ರಿ, ಮೂರು ತಿಂಗಳಾತು. ಇನ್ನೊಂದು ಐತಲ್ಲ ಅಂತ ಬಿಟ್ಟೀನ್ರಿ."

ಬ್ರೇಕ್ ಕೆಲಸ ಹುಡುಗನಿಗೆ ಕೊಟ್ಟು ನಾನು ಬಾಗಿಲು ಹಿಡಿದೆ. ಹೊರಗಿನ ಹ್ಯಾಂಡಲ್ ಎಳೆದರೂ ಇಲ್ಲ, ಒಳಗಿನದು ಎಳೆದರೂ ಇಲ್ಲ. ಚೈಲ್ಡ್ ಲಾಕ್ ಬಿದ್ದಿದ್ದರೆ ಒಳಗಿನದು ಮಾತ್ರ ಕೆಲಸ ಮಾಡುತ್ತಿರಲಿಲ್ಲ, ಹೊರಗಿನಿಂದ ತೆರೆಯಬೇಕಿತ್ತು. ಲಾಕ್ ಗುಂಡಿಯೂ ಮೇಲೆಯೇ ಇತ್ತು. ಎರಡೂ ಹ್ಯಾಂಡಲ್ ಬಿಗಿಯಾಗಿ ಏನನ್ನೋ ಎಳೆಯುತ್ತಿದ್ದವು, ಸಡಿಲ ಇರಲಿಲ್ಲ. ಹಾಗಾದರೆ ಹ್ಯಾಂಡಲಿನಿಂದ ಲಾಕಿಗೆ ಹೋಗೋ ಕಡ್ಡಿ, ಕೇಬಲ್ ಸರಿ ಇವೆ. ಹಿಡಿದಿರೋದು ಲಾಕೇ.

ಬಾಗಿಲ ಲಾಕಿನೊಳಗೆ ಕವಲಿನ ಥರ ಒಂದು ಕೊಕ್ಕೆ ಇರುತ್ತದೆ. ಬಾಗಿಲು ಹಾಕಿದಾಗ ಅದು ಕಾರಿನ ಚೌಕಟ್ಟಿನ ಕಂಬದ ಮೇಲಿನ ಕಬ್ಬಿಣದ ಬಳೆಯನ್ನು ಕಚ್ಚಿಕೊಳ್ಳುತ್ತದೆ. ಕೊಕ್ಕೆ ಹಿಂದಕ್ಕೆ ತಿರುಗದ ಹಾಗೆ ಸಣ್ಣ ನಾಲಿಗೆಯೊಂದು ತಡೆ ಹಿಡಿಯುತ್ತದೆ. ಹ್ಯಾಂಡಲ್ ಎಳೆದರೆ ನಾಲಿಗೆ ಸರಿಯುತ್ತದೆ, ಅಷ್ಟೇ ಅದರ ಕೆಲಸ. ಬಾಗಿಲನ್ನು ಹೊರಗೆ ಜಗ್ಗಿದಷ್ಟೂ ಕೊಕ್ಕೆ ಆ ನಾಲಿಗೆಯನ್ನೇ ಒತ್ತುತ್ತದೆ. ಅದಕ್ಕೇ ಜಗ್ಗಬಾರದು, ಒಳಗೆ ದಬ್ಬಬೇಕು.

ಗಾಜು ಇಳಿಸಿ, ಬಾಗಿಲ ಹಿಂದಿನ ಅಂಚಿನ ಸಂದಿಯಲ್ಲಿ ತೆಳು ನಳಿಗೆ ತೂರಿಸಿ, ಬಿಗಿದದ್ದನ್ನು ಸಡಿಲಿಸುವ ಸ್ಪ್ರೇ ಹೊಡೆದೆ. ಹತ್ತು ನಿಮಿಷ ಬಿಟ್ಟೆ. ಆಮೇಲೆ ಹುಡುಗನನ್ನು ಒಳಗೆ ಕೂರಿಸಿ ಹ್ಯಾಂಡಲ್ ಎಳೆದು ಹಿಡಿ ಅಂದೆ. ನಾನು ಹೊರಗಿನಿಂದ ಸೊಂಟದಿಂದ ಬಾಗಿಲು ದಬ್ಬಿ ಬಿಡುತ್ತಾ ಹೋದೆ. ಏಳೆಂಟು ಸಲಕ್ಕೆ ಟಕ್ ಅಂತ ತೆರೆಯಿತು.

ಖುಷಿಯಲ್ಲಿ ನಾನು ಮಾಡಿದ್ದೇನು ಗೊತ್ತಾ? "ನೋಡ್ರಿ, ಆತು" ಅಂತ ಮಾಲೀಕರ ಮುಂದೆ ಬಾಗಿಲು ಧಡ್ ಅಂತ ಹಾಕಿಬಿಟ್ಟೆ.

ಮತ್ತೆ ತೆರೆಯಲಿಲ್ಲ. ಸ್ಪ್ರೇ, ದಬ್ಬೋದು, ಎಳೆಯೋದು, ಯಾವುದಕ್ಕೂ ಬಗ್ಗಲಿಲ್ಲ. 14 ವರ್ಷ ಈ ಕೆಲಸ ಮಾಡಿದವನು ನಾನು. ಅಮ್ಮ ಸ್ಟೂಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಬಹಳ ನಾಚಿಕೆಯಾಯಿತು.

ಬಾಗಿಲು ತೆರೆದಿದ್ದಾಗ ಡೋರ್ ಪ್ಯಾಡ್, ಅಂದರೆ ಬಾಗಿಲ ಒಳಮೈಯ ಹೊದಿಕೆ, ಬಿಚ್ಚೋದು ಇಪ್ಪತ್ತು ನಿಮಿಷದ ಕೆಲಸ. ಮುಚ್ಚಿದ ಬಾಗಿಲಲ್ಲಿ ಅದಕ್ಕೆ ಮೂರು ತಾಸು ಹಿಡಿಯಿತು. ಹಿಂದಿನ ಸೀಟು ತೆಗೆದೆ. ಗಾಜು ಏರಿಸುವ ಹಿಡಿಯ ಹಿಂದೆ ಬಟ್ಟೆ ಚೂರು ತೂರಿಸಿ ಎಡಕ್ಕೆ ಬಲಕ್ಕೆ ಎಳೆದಾಡಿದರೆ ಅದರ ತಂತಿ ಕ್ಲಿಪ್ಪು ಚಿಮ್ಮಿ ಬರುತ್ತದೆ. ಅಷ್ಟು ಸಲೀಸು. ಅಂಚಿನ ಪ್ಲಾಸ್ಟಿಕ್ ಕ್ಲಿಪ್ಪುಗಳು ಹಾಗಲ್ಲ. ಕಂಬಕ್ಕೆ ಒತ್ತಿಕೊಂಡಿರುತ್ತವೆ, ಉಪಕರಣ ಹೋಗಲ್ಲ, ಪ್ಯಾಡ್ ಬಗ್ಗಿಸಿ ಬಗ್ಗಿಸಿ ಕೀಳಬೇಕು. ನಾಲ್ಕು ಕ್ಲಿಪ್ ಮುರಿದವು. ಕೊನೆಗೆ ಒಳಗೆ ಕೈ ಹಾಕಿ ಉದ್ದ ಸ್ಕ್ರೂಡ್ರೈವರಿನಿಂದ ನಾಲಿಗೆ ಎಬ್ಬಿಸಿದೆ.

ಲಾಕ್ ಹೊರಗೆ ತೆಗೆದು ನೋಡಿದರೆ ಒಳಗಿನ ಗ್ರೀಸು ನಮ್ಮ ಎರೆ ಮಣ್ಣಿನ ಧೂಳು ಕುಡಿದು ಒಣಗಿದ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಉಗುರಿಂದ ಕೆರೆದರೆ ಚಕ್ಕೆ ಏಳುತ್ತಿತ್ತು. ಸ್ಪ್ರೇ ಮೇಲೆ ಮೇಲೆ ನೆನೆಸಿ ಒಂದು ಸಲ ಬಿಡಿಸಿತ್ತು, ಅಷ್ಟೇ. ಸೀಮೆಎಣ್ಣೆಯಲ್ಲಿ ಬ್ರಶ್ ಹಾಕಿ ತೊಳೆದೆ, ಗಾಳಿ ಹೊಡೆದೆ, ಬಿಳಿ ಗ್ರೀಸು ತೆಳುವಾಗಿ ಹಚ್ಚಿದೆ. ಕೆಲವರು ಇಂಜಿನ್ ಆಯಿಲ್ ಬಿಡುತ್ತಾರೆ. ಅದು ಸೋರಿ ಹೋಗುತ್ತೆ, ಉಳಿದದ್ದಕ್ಕೆ ಧೂಳು ಮೆತ್ತುತ್ತೆ. ಬೇಡ.

ಲಾಕ್ ಕೂರಿಸಿದ ಮೇಲೆ ಈ ಸಲ ಬಾಗಿಲು ಹಾಕಲಿಲ್ಲ. ತೆರೆದ ಬಾಗಿಲಲ್ಲೇ ಸ್ಕ್ರೂಡ್ರೈವರಿನಿಂದ ಕೊಕ್ಕೆ ತಿರುಗಿಸಿದೆ. ಟಕ್, ಟಕ್, ಎರಡು ಸದ್ದು. ಅದು ಪೂರ್ತಿ ಬಿದ್ದ ಗುರುತು. ಹೊರಗಿನ ಹ್ಯಾಂಡಲ್ ಎಳೆದೆ, ಕೊಕ್ಕೆ ಬಿಟ್ಟಿತು. ಒಳಗಿನದು ಎಳೆದೆ, ಬಿಟ್ಟಿತು. ಇಪ್ಪತ್ತು ಸಲ ಮಾಡಿದೆ. ಆಮೇಲೇ ಪ್ಯಾಡ್ ಕೂರಿಸಿದ್ದು. ಮೊದಲ ಸಲವೇ ಇದನ್ನು ಮಾಡಿದ್ದರೆ ಒಂದು ನಿಮಿಷದಲ್ಲಿ ಲಾಕಿನ ಸ್ಥಿತಿ ಗೊತ್ತಾಗುತ್ತಿತ್ತು.

ಆಮೇಲೆ ಕೇಳಿದಾಗ ಮಾಲೀಕರು ಹೇಳಿದರು, ಕೆಡೋ ಮುಂಚೆ ಎರಡು ತಿಂಗಳು ಆ ಬಾಗಿಲನ್ನು ಜೋರಾಗಿ ಹೊಡೆದರೇ ಬೀಳುತ್ತಿತ್ತಂತೆ. ಗ್ರೀಸು ಗಟ್ಟಿಯಾಗುತ್ತಿರೋದರ ಮೊದಲ ಸುಳಿವು ಅದೇ. ಈಗ ಯಾವ ಕಾರು ಸರ್ವಿಸಿಗೆ ಬಂದರೂ ನಾಲ್ಕೂ ಬಾಗಿಲು ತೆರೆದು ಹಾಕಿ ಕೇಳಿಸಿಕೊಳ್ಳುತ್ತೇನೆ. ದುಡ್ಡು ಕೊಡದಿದ್ದರೂ ಸರಿ.

ಮುರಿದ ಕ್ಲಿಪ್ಪು ನನ್ನ ಖರ್ಚಲ್ಲೇ ಹಾಕಿದೆ, ಎರಡನೇ ಸಲದ ಕೂಲಿ ಹಿಡಿಯಲಿಲ್ಲ. ಹೊರಡುವಾಗ ಅಮ್ಮ ಹಳೇ ರೂಢಿಯಲ್ಲಿ ಸುಮ್ನೆ ಬಲಗಡೆಗೆ ಹೊರಟಿದ್ದರು. ಮಗ ಎಡಗಡೆ ಬಾಗಿಲು ತೆರೆದು ಹಿಡಿದು, "ಯವ್ವಾ, ಈ ಕಡೆ ಬಾ" ಅಂದರು.